ಹನ್ನೆರಡು ಪೌಂಡಿನ ಕೊಡೆ ಮತ್ತು ಆಲ್ಟನ್ ಎಸ್ಟೇಟ್

ಇದು ರೋಹ್ಯಾಂಪ್ಟನ್, ಲಂಡನ್‌ನ ನೈಋತ್ಯ ಭಾಗ. ಟ್ಯೂಬ್ ಸ್ಟೇಷನ್ ಇಲ್ಲ, ಬಸ್ಸೇ ಗತಿ. ಅಲ್ಲೇ ಮಾತಾಡಿದ್ದೆ, ಆದರೆ ಮೈಕಲ್ಲಿ ಗಾಳಿ ಬಿಟ್ಟು ಏನೂ ಇಲ್ಲ. ಅದಕ್ಕೇ ಮನೆಯಲ್ಲಿ ಕೂತು ಈ ವಿಡಿಯೋಗೆ ಧ್ವನಿ ಸೇರಿಸುತ್ತಿದ್ದೇನೆ.

ಗುಡ್ಡದ ಮೇಲೆ ಸಾಲಾಗಿ ನಿಂತಿವೆಯಲ್ಲ ಐದು ಕಟ್ಟಡ, ಅವು ಆಲ್ಟನ್ ಎಸ್ಟೇಟ್ ಅನ್ನುವ ಸರ್ಕಾರಿ ವಸತಿ ಬಡಾವಣೆಯ ಪಶ್ಚಿಮ ಭಾಗದವು, ಆಲ್ಟನ್ ವೆಸ್ಟ್. ತಲಾ 11 ಮಹಡಿ. ಯುದ್ಧದಲ್ಲಿ ಬಾಂಬ್ ಬಿದ್ದು ಮನೆಗಳಿಗೆ ಬರ. ಹಾಗಾಗಿ ಆಗಿನ ನಗರಾಡಳಿತ, ಲಂಡನ್ ಕೌಂಟಿ ಕೌನ್ಸಿಲ್, 1950ರ ದಶಕದಲ್ಲಿ ಕಟ್ಟಿಸಿತು. ಮಾದರಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಕಟ್ಟಡಗಳು, ನಮ್ಮ ಚಂಡೀಗಢದ ನಕ್ಷೆ ಮಾಡಿದ ಅದೇ ಮನುಷ್ಯ. ಕಟ್ಟಡದ ಕೆಳಗೆ ಬರೀ ಕಂಬ. ಗಾಳಿ ಅಲ್ಲೇ ನುಗ್ಗುವುದು.

ಈಗ ಕೊಡೆ ನೋಡಿ. ಹೋಯ್ತು! ಬರುವ ದಾರಿಯಲ್ಲಿ ಕೊಂಡದ್ದು, 12 ಪೌಂಡ್. ರೂಪಾಯಿಗೆ ಲೆಕ್ಕ ಹಾಕಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿದೆ. ಸಾವಿರ ದಾಟಿತು. ಊರಲ್ಲಿ ಆ ದುಡ್ಡಿಗೆ ಮನೆಮಂದಿಗೆಲ್ಲ ಕೊಡೆ ಬರುತ್ತಿತ್ತು. ಇದರ ಕಡ್ಡಿ ಬೆರಳಲ್ಲೇ ಬಗ್ಗುತ್ತದೆ. ಎರಡು ಮುರಿದವು, ಮೂರನೆಯದು ಬಟ್ಟೆ ಹರಿದುಕೊಂಡು ಹೊರಗೆ ಬಂತು. ವಾಪಸ್ ಕೊಡೋಣ ಅಂದರೆ ರಸೀದಿ ಜೇಬಲ್ಲೇ ನೆನೆದು ಮುದ್ದೆ. ಅಂಗಡಿಯವನಿಗೆ ಇಲ್ಲಿಯ ಗಾಳಿ ಗೊತ್ತಿಲ್ಲವೇ? ಗೊತ್ತಿದ್ದೇ ಮಾರುತ್ತಾನೆ.

ಸರಿ, ಕಟ್ಟಡ. ದೂರದಿಂದ ನನಗೆ ಕಡತದ ಬೀರು ಥರ ಕಂಡಿತ್ತು. ಹತ್ತಿರ ಹೋದ ಮೇಲೆ ಇಷ್ಟವಾಯಿತು. ಹಳೆಯ ಶ್ರೀಮಂತರ ಬಂಗಲೆ ತೋಟಗಳ ಮರಗಳನ್ನು ಕಡಿಯದೆ ಉಳಿಸಿಕೊಂಡು ಕಟ್ಟಿದ್ದಾರೆ. ಎದುರಿಗೆ ರಿಚ್ಮಂಡ್ ಪಾರ್ಕ್. ಇಂಥ ನೋಟಕ್ಕೆ ಬೆಂಗಳೂರಲ್ಲಿ ಬಿಲ್ಡರ್ ಎಷ್ಟು ಕೇಳುತ್ತಾನೆ ಹೇಳಿ! ಇಲ್ಲಿ ಅದು ಕೌನ್ಸಿಲ್ ಬಾಡಿಗೆದಾರರಿಗೆ ಸಿಕ್ಕಿತ್ತು. 1998ರಲ್ಲಿ ಈ ಐದನ್ನೂ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರು, ಸುಮ್ನೆ ಕೆಡವುವಂತಿಲ್ಲ.

ಎಲ್ಲ ಕಡೆ ಹೀಗಾಗಲಿಲ್ಲ. 1956ರ ಕಾನೂನಿನಿಂದ ಮಹಡಿ ಏರಿದಷ್ಟೂ ಸರ್ಕಾರದ ಸಬ್ಸಿಡಿ ಜಾಸ್ತಿ. ಕೌನ್ಸಿಲ್‌ಗಳು ಬಿಡುತ್ತವೆಯೇ? ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ತಂದು ಜೋಡಿಸಿ ಏರಿಸಿದರು. ಪೂರ್ವ ಲಂಡನ್‌ನ ರೋನನ್ ಪಾಯಿಂಟ್ ಹಾಗೆ ಕಟ್ಟಿದ 22 ಮಹಡಿ. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯಲ್ಲಿ ಒಬ್ಬಾಕೆ ಟೀಗೆ ಒಲೆ ಹಚ್ಚಿದರು. ಗ್ಯಾಸ್ ಸಿಡಿದು ಒಂದು ಗೋಡೆ ಹೋಯಿತು, ಅದರ ಹಿಂದೆ ಆ ಇಡೀ ಮೂಲೆಯೇ ಮೇಲಿಂದ ಕೆಳತನಕ ಕುಸಿಯಿತು. ನಾಲ್ಕು ಜನ ಸತ್ತರು. ಆಕೆ ಬದುಕಿಕೊಂಡರು. ಜನ ಅಲ್ಲಿಗೆ ಬಂದು ಎರಡು ತಿಂಗಳಷ್ಟೇ ಆಗಿತ್ತು. ಟವರ್ ಬ್ಲಾಕ್ ಅಂದರೆ ಜನರಿಗೆ ಹೆದರಿಕೆ ಹುಟ್ಟಿದ್ದರಲ್ಲಿ ತಪ್ಪೇನಿಲ್ಲ, ಅಲ್ವಾ?

ಆದರೂ ನನಗೆ ಇಲ್ಲೊಂದು ಮನೆ ಕೊಟ್ಟರೆ ಬೇಡ ಅನ್ನುವುದಿಲ್ಲ. ಲಿಫ್ಟ್ ಕೆಟ್ಟರೆ ಮಾತ್ರ... ಬೇಡ, ಎರಡನೇ ಮಹಡಿ ಸಾಕು.

ಅಯ್ಯೋ, ಬಸ್ ಬಂದೇಬಿಟ್ಟಿತು. ಹುಲ್ಲಿನ ಮೇಲೆ ಕಂಡ ಕಂಚಿನ ಗೂಳಿ 1961ರದ್ದು, ಶಿಲ್ಪಿ ರಾಬರ್ಟ್ ಕ್ಲಾಟ್‌ವರ್ದಿ ಮಾಡಿದ್ದು. ಕಾಮೆಂಟಲ್ಲಿ ಕೇಳಬೇಡಿ.