ಐರ್ಲೆಂಡಿನ ನೀರಿನ ಬಿಲ್ಲು

ಕೇಳುಗರಿಗೆ ನಮಸ್ಕಾರ.

2013ರ ಡಿಸೆಂಬರ್ ಮೂರನೇ ವಾರ. ಐರ್ಲೆಂಡಿನ ಸಂಸತ್ತಿನ ಕೆಳಮನೆ, ಅಂದರೆ ಡಾಲ್, ಕ್ರಿಸ್‌ಮಸ್ ರಜೆಗೆ ಬಾಗಿಲು ಹಾಕುವ ತರಾತುರಿಯಲ್ಲಿತ್ತು. ಆಗ ಬಂದದ್ದು ನೀರು ಸೇವೆಗಳ ಮಸೂದೆ. ದೇಶದ 34 ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳುತ್ತಿದ್ದ ಕುಡಿಯುವ ನೀರು, ಒಳಚರಂಡಿ, ಕೊಳವೆ ಜಾಲ, ಎಲ್ಲವೂ ಜನವರಿ 1ರಿಂದಲೇ ‘ಐರಿಷ್ ವಾಟರ್’ ಎಂಬ ಒಂದೇ ಸರ್ಕಾರಿ ಕಂಪನಿಯ ಪಾಲಾಗಬೇಕು. ಇಷ್ಟು ದೊಡ್ಡ ಮಸೂದೆಯ ಚರ್ಚೆಗೆ ಸಿಕ್ಕಿದ್ದು ಕೆಲವೇ ಗಂಟೆ. ಸಮಯ ಮುಗಿಯುತ್ತಲೇ ಗಿಲೊಟಿನ್ ಬಿತ್ತು, ಅಂದರೆ ಚರ್ಚೆಯನ್ನು ಅಲ್ಲಿಗೇ ಕತ್ತರಿಸಿ ಮಸೂದೆಯನ್ನು ಮತಕ್ಕೆ ಹಾಕಿದರು. ವಿರೋಧ ಪಕ್ಷದವರು ಎದ್ದು ಹೊರನಡೆದರು.

ಅವಸರಕ್ಕೆ ಸರ್ಕಾರದ ಬಳಿ ಕಾರಣ ಇತ್ತು. 2010ರಲ್ಲಿ ಬ್ಯಾಂಕುಗಳು ಮುಳುಗಿ ದೇಶ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಸಾಲಕ್ಕೆ ಕೈಯೊಡ್ಡಿದಾಗ, ಮನೆಗಳಿಗೆ ನೀರಿನ ಶುಲ್ಕ ಹಾಕುವುದಾಗಿ ಒಪ್ಪಿಕೊಂಡಿತ್ತು. ಜೊತೆಗೆ ಕಂಪನಿ ತನ್ನ ಹೆಸರಿನಲ್ಲೇ ಸಾಲ ಎತ್ತಿದರೆ ಅದು ಸರ್ಕಾರದ ಸಾಲದ ಲೆಕ್ಕಕ್ಕೆ ಸೇರುವುದಿಲ್ಲ ಎಂಬ ಆಸೆ. ಹಣದ ಅಗತ್ಯವೂ ಸುಳ್ಳಲ್ಲ. ಶುದ್ಧೀಕರಿಸಿದ ನೀರಿನಲ್ಲಿ ಅರ್ಧದ ಹತ್ತಿರ ಹತ್ತಿರ ಹಳೆಯ ಕೊಳವೆಗಳಿಂದ ಸೋರಿ ಮಣ್ಣು ಸೇರುತ್ತಿತ್ತು. 2007ರಲ್ಲಿ ಗಾಲ್ವೇ ನಗರದ ನಲ್ಲಿ ನೀರಿಗೆ ರೋಗಾಣು ಸೇರಿ, ಜನ ತಿಂಗಳುಗಟ್ಟಲೆ ನೀರು ಕುದಿಸಿ ಕುಡಿಯಬೇಕಾಯಿತು. ನೀರಿಗೆ ಶುಲ್ಕ ಬೇಕೇ ಬೇಡವೇ ಎಂಬುದರಲ್ಲಿ ಎರಡೂ ಕಡೆ ನ್ಯಾಯವಿದೆ ಅಂತಲೇ ನನ್ನ ಎಣಿಕೆ. ನನ್ನ ತಕರಾರು ಆ ಅವಸರದ ಬಗ್ಗೆ.

ಯಾಕೆಂದರೆ ಸದನದಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಸ್ಥಳೀಯ ಸಂಸ್ಥೆಗಳ ನೌಕರರೇ ಮುಂದೆಯೂ ಕೆಲಸ ಮಾಡಲಿ ಎಂದು ಕಂಪನಿ ಅವುಗಳೊಂದಿಗೆ 12 ವರ್ಷದ ಒಪ್ಪಂದಕ್ಕೆ ಹೊರಟಿತ್ತು. ಹಾಗಿದ್ದರೆ ಹೊಸ ಕಂಪನಿಯಿಂದ ಉಳಿತಾಯ ಎಲ್ಲಿ? ತೆರಿಗೆಯಲ್ಲೇ ನೀರಿನ ಖರ್ಚು ಕೊಡುತ್ತಿದ್ದೇವೆ ಅನ್ನುವವರಿಗೆ ಉತ್ತರ ಏನು? ಕಂಪನಿಯನ್ನು ಮುಂದೊಂದು ದಿನ ಖಾಸಗಿಯವರಿಗೆ ಮಾರಿದರೆ ತಡೆಯುವವರು ಯಾರು? ಹಳ್ಳಿಗಳಲ್ಲಿ ಊರವರೇ ಸೇರಿ ನಡೆಸುವ ಗುಂಪು ಯೋಜನೆಗಳ ಮೂಲಕವೋ ಸ್ವಂತ ಬಾವಿಯಿಂದಲೋ ತಮ್ಮ ನೀರಿಗೆ ತಾವೇ ದುಡ್ಡು ಹಾಕಿಕೊಳ್ಳುತ್ತಿದ್ದವರ ಕಥೆಯೇ ಬೇರೆ. ನಗರದವರ ಗಲಾಟೆ ನೋಡಿ ಅವರಲ್ಲಿ ಎಷ್ಟೋ ಜನ ನಕ್ಕಿರಬೇಕು.

ಮಸೂದೆ ಪಾಸಾದ ಮರುತಿಂಗಳೇ ಕಂಪನಿಯ ಮುಖ್ಯಸ್ಥ ಜಾನ್ ಟಿಯರ್ನಿ ರೇಡಿಯೊ ಸಂದರ್ಶನದಲ್ಲಿ ಒಂದು ಮಾತು ಆಡಿದರು: ಮೊದಲ ವರ್ಷ ಸಲಹೆಗಾರರಿಗೇ ಸುಮಾರು 5 ಕೋಟಿ ಯೂರೊ ಹೋಗಿದೆ. ನೋಡಿ, ಸದನದಲ್ಲಿ ನಿಧಾನವಾಗಿ ಕೇಳಿದ್ದರೆ ಅಲ್ಲೇ ಹೊರಬೀಳಬಹುದಾಗಿದ್ದ ಅಂಕಿ ಅದು. ರೇಡಿಯೊದಲ್ಲಿ ಬಂದಾಗ ಬೆಂಕಿಗೆ ತುಪ್ಪ ಸುರಿದಂತಾಯಿತು.

ಮುಂದೆ ಜಗಳ ಕಾಲುದಾರಿಗೆ ಬಂತು. ಬಳಸಿದ ನೀರು ಅಳೆದು ಶುಲ್ಕ ಹಾಕಲು ಮನೆಗಳಿಗೆ ಮೀಟರ್ ಬೇಕಿತ್ತು. ಅದು ಕೂರುವುದು ಮನೆ ಒಳಗಲ್ಲ, ಗೇಟಿನಾಚೆ ಫುಟ್‌ಪಾತಿನ ಕೆಳಗೆ, ನೀರು ನಿಲ್ಲಿಸುವ ಸ್ಟಾಪ್‌ಕಾಕ್ ಇರುವ ಜಾಗದಲ್ಲಿ. ಕಂಟ್ರಾಕ್ಟರನ ವ್ಯಾನು ಬರುವ ಸುದ್ದಿ ಸಿಕ್ಕರೆ ಸಾಕು, ಜನ ಹೋಗಿ ಆ ಚೌಕ ಮುಚ್ಚಳದ ಮೇಲೇ ನಿಂತುಬಿಡುತ್ತಿದ್ದರು. ಅಗೆಯುವವರು ಇನ್ನೆಲ್ಲಿ ಅಗೆಯಬೇಕು? ನೋಂದಣಿಗೆ ಜನರ ಪಿಪಿಎಸ್ ಸಂಖ್ಯೆ, ಅಂದರೆ ತೆರಿಗೆ, ಪಿಂಚಣಿಗೆಲ್ಲ ಬಳಸುವ ಗುರುತಿನ ಸಂಖ್ಯೆ ಕೇಳಿದ್ದು ಇನ್ನೊಂದು ಎಡವಟ್ಟು. ಕೊನೆಗೆ ಅದನ್ನು ಕೈಬಿಟ್ಟರು. 2014ರ ಅಕ್ಟೋಬರ್, ನವೆಂಬರ್‌ನಲ್ಲಿ ರಾಜಧಾನಿ ಡಬ್ಲಿನ್ ಬೀದಿಗಳು ಪ್ರತಿಭಟನೆಗೆ ಬಂದ ಜನರಿಂದ ತುಂಬಿ ಹರಿದವು.

ಸರ್ಕಾರ ಬಾಗಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 160 ಯೂರೊ, ಉಳಿದ ಮನೆಗಳಿಗೆ 260 ಎಂದು ಮಿತಿ ಹಾಕಿತು. ಅದರ ಮೇಲೆ ನೀರು ಉಳಿತಾಯದ ಹೆಸರಲ್ಲಿ 100 ಯೂರೊ ಸಹಾಯಧನ. ಬಲಗೈಯಲ್ಲಿ ವಸೂಲಿ, ಎಡಗೈಯಲ್ಲಿ ವಾಪಸ್! ಮೀಟರ್ ಎಷ್ಟು ತೋರಿಸಿದರೇನು, ಬಿಲ್ಲು ಮಿತಿ ದಾಟುವುದಿಲ್ಲ. ಇದನ್ನು ಕಾಯ್ದೆ ಮಾಡಿದ್ದೂ ಮತ್ತೆ ಡಿಸೆಂಬರಿನಲ್ಲೇ. ಜನಮತ ಕೇಳದೆ ಕಂಪನಿಯನ್ನು ಮಾರುವಂತಿಲ್ಲ ಎಂಬ ಷರತ್ತು ಸೇರಿದ್ದು ಆಗ, ಅದೂ ಬೀದಿಯ ಒತ್ತಡಕ್ಕೆ.

2015ರ ಏಪ್ರಿಲ್‌ನಲ್ಲಿ ಮೊದಲ ಬಿಲ್ಲುಗಳು ಹೋದವು. ಮೊದಲ ಸುತ್ತಿನಲ್ಲಿ ಕಟ್ಟಿದವರು ಅರ್ಧಕ್ಕಿಂತ ಕಡಿಮೆ. ಜುಲೈನಲ್ಲಿ ಐರೋಪ್ಯ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್‌ನ ತೀರ್ಪು ಬಂತು: ಕಂಪನಿಗೆ ಸರ್ಕಾರವೇ ಇಷ್ಟು ಹಣ ಕೊಡುವುದರಿಂದ ಅದರ ಸಾಲವೂ ಸರ್ಕಾರದ್ದೇ. ಯಾವ ಲೆಕ್ಕಾಚಾರಕ್ಕೆ ಕಂಪನಿ ಕಟ್ಟಿದರೋ ಆ ಲೆಕ್ಕವೇ ತಪ್ಪಿತು.

2016ರ ಚುನಾವಣೆಯ ನಂತರ ಶುಲ್ಕ ಅಮಾನತಾಯಿತು, 2017ರ ಕಾಯ್ದೆಯಲ್ಲಿ ರದ್ದೇ ಆಯಿತು. ನಿಯತ್ತಾಗಿ ಕಟ್ಟಿದವರಿಗೆ ಹಣ ಹಿಂದಿರುಗಿಸಲು ಚೆಕ್ಕು ಹೊರಟವು. ಕಂಪನಿ ಉಳಿದಿದೆ, ಈಗ ಅದರ ಹೆಸರು ‘ಇಷ್ಕ ಏರನ್’. ನಡೆಯುವುದು ಬಹುಪಾಲು ತೆರಿಗೆ ಹಣದಲ್ಲಿ. ಹೂತಿಟ್ಟ ಲಕ್ಷಗಟ್ಟಲೆ ಮೀಟರುಗಳು ಈಗ ಸೋರಿಕೆ ಪತ್ತೆಗೆ ಉಪಯೋಗವಾಗುತ್ತಿವೆ.

ನಮಸ್ಕಾರ.