ಫೀಸು ಕಟ್ಟುವ ಮುಂಚೆ ಒಂದು ರಾತ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಿದೆ. ಸಿಇಟಿ ಮುಗಿದಿದೆ. ಈಗ ಮನೆಮನೆಯಲ್ಲೂ ಒಂದೇ ಮಾತು: ಮುಂದೆ ಎಲ್ಲಿಗೆ? ಅದರಲ್ಲೂ, ಬೇರೆ ರಾಜ್ಯಕ್ಕೆ ಕಳಿಸಬೇಕಾ, ಬೇಡ್ವಾ? ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವ ತಾಯಂದಿರಿದ್ದೀರಿ, ಅಂಗಡಿಯಲ್ಲಿ ಕೂತ ಅಪ್ಪಂದಿರಿದ್ದೀರಿ. ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ಮಕ್ಕಳೂ ಪಕ್ಕದಲ್ಲಿದ್ದರೆ ಕೂರಿಸಿಕೊಳ್ಳಿ.

ನಾನು ಪಿಯು ಕಾಲೇಜಿನಲ್ಲಿ 31 ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ಪ್ರತಿ ವರ್ಷ ಮೇ, ಜೂನ್ ತಿಂಗಳಲ್ಲಿ ನಮ್ಮ ಮನೆ ಜಗುಲಿ ತುಂಬಿರುತ್ತಿತ್ತು. ನಿವೃತ್ತನಾದ ಮೇಲೂ ತುಂಬುತ್ತದೆ. ಬಂದವರೆಲ್ಲ ಕೇಳುವುದು ಒಂದೇ, "ಸರ್, ಆ ಕಾಲೇಜು ಚಲೋ ಐತೇನ್ರಿ?" ನಾನು ತಿರುಗಿ ಕೇಳುವುದೂ ಒಂದೇ, "ನೋಡಿಕೊಂಡು ಬಂದಿದ್ದೀರಾ?" ಹತ್ತರಲ್ಲಿ ಒಂಬತ್ತು ಜನ ಇಲ್ಲ ಅನ್ನುತ್ತಾರೆ.

ಒಂದು ಎಮ್ಮೆ ಕೊಳ್ಳಲು ಮೂರು ಸಂತೆ ತಿರುಗುತ್ತೇವೆ. ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಎರಡು ಹೊತ್ತು ಹಾಲು ಕರೆಸಿ ನೋಡುತ್ತೇವೆ. ಮಗಳನ್ನು ನಾಲ್ಕು ವರ್ಷ ಬಿಟ್ಟು ಬರುವ ಜಾಗವನ್ನು ಮಾತ್ರ ಮೊಬೈಲಿನಲ್ಲಿ ಫೋಟೋ ನೋಡಿ ಒಪ್ಪಿಬಿಡುತ್ತೇವೆ. ಇದು ಸರಿಯಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ: ದುಡ್ಡು ಕಟ್ಟುವ ಮುಂಚೆ ಆ ಊರಿಗೆ ಹೋಗಿ. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಒಂದು ರಾತ್ರಿ ಉಳಿದು ಬನ್ನಿ.

ಬೇರೆ ರಾಜ್ಯ ಅಂದ ಕೂಡಲೇ ದೂರ ಅಂದುಕೊಳ್ಳಬೇಡಿ. ನಮ್ಮ ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಹೈದರಾಬಾದ್ ಸುಮಾರು 200. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಮಂಗಳೂರಿನಿಂದ ತಲಪಾಡಿ ದಾಟಿದರೆ ಕಾಸರಗೋಡು, ಸುಮಾರು 50 ಕಿಲೋಮೀಟರ್. ಅಲ್ಲಿ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ, ಸುತ್ತಮುತ್ತ ಕನ್ನಡ ಮಾತಾಡುವ ಮನೆಗಳಿವೆ. ಹಾಗಾಗಿ ರಾಜ್ಯ ಯಾವುದು ಅನ್ನುವುದಕ್ಕಿಂತ, ಜ್ವರ ಬಂದ ದಿನ ಮಗು ಎಷ್ಟು ಗಂಟೆಯಲ್ಲಿ ಮನೆ ಸೇರಬಹುದು ಅನ್ನುವುದನ್ನು ಲೆಕ್ಕ ಹಾಕಿ. ಆ ಲೆಕ್ಕವೂ ಒಮ್ಮೆ ಹೋಗಿ ಬಂದರೆ ಮಾತ್ರ ಸಿಗುತ್ತದೆ.

ಒಂದು ಘಟನೆ ಹೇಳುತ್ತೇನೆ. ಎಷ್ಟೋ ಕಡೆ ಹೇಳಿದ್ದೇನೆ, ಇಲ್ಲೂ ಹೇಳಲೇಬೇಕು.

2023ರ ಬೇಸಿಗೆ. ಸಿಂಧನೂರು ಕಡೆಯ ಒಬ್ಬ ರೈತರು ಮನೆಗೆ ಬಂದರು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ಭತ್ತದ ಗದ್ದೆ. ಒಬ್ಬಳೇ ಮಗಳು. ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಅವರ ಕೈಯಲ್ಲಿ ಒಂದು ದಪ್ಪ ಪುಸ್ತಕ, ಫಳಫಳ ಹೊಳೆಯುವ ಕಾಗದ. ತಮಿಳುನಾಡಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನದ್ದು. ಏಜೆಂಟ್ ಮನೆಗೇ ಬಂದು ಕೊಟ್ಟು ಹೋಗಿದ್ದನಂತೆ. "ಇನ್ನು ನಾಲ್ಕೇ ಸೀಟು ಉಳಿದಿವೆ, ಈ ವಾರ 10 ಸಾವಿರ ಕಟ್ಟಿ ಹಿಡಿದುಕೊಳ್ಳಿ" ಅಂದಿದ್ದನಂತೆ. ನಾನು ಕೇಳಿದೆ, "ನೋಡಿದ್ದೀರಾ?" ಅವರು ಪುಸ್ತಕ ತೋರಿಸಿದರು. "ಪುಸ್ತಕ ಅಲ್ಲ, ಕಾಲೇಜು" ಅಂದೆ.

ಅವರಿಗೆ ಸಂಕೋಚ. ಭಾಷೆ ಬರಲ್ಲ, ಹೋಗಿ ಏನು ಕೇಳುವುದು ಅಂತ. ನಾನು ನಾಲ್ಕು ಮಾತು ಹೇಳಿ ಕಳಿಸಿದೆ. ಹೋಗುವುದನ್ನು ಏಜೆಂಟಿಗೆ ಹೇಳಬೇಡಿ. ಮೊದಲು ಆಫೀಸಿಗೆ ಹೋಗಬೇಡಿ. ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಒಂದು ತಾಸು ಕೂರಿ. ಎರಡನೇ ವರ್ಷದ ಮಕ್ಕಳು ಸಿಕ್ಕರೆ ಒಂದೇ ಒಂದು ಪ್ರಶ್ನೆ ಕೇಳಿ: "ನಿನ್ನ ತಂಗಿಯನ್ನು ಇಲ್ಲಿ ಸೇರಿಸುತ್ತೀಯಾ?"

ಅಪ್ಪ ಮಗಳು ಬಸ್ಸು ಹತ್ತಿ ರಾಯಚೂರಿಗೆ ಬಂದು, ಅಲ್ಲಿಂದ ಚೆನ್ನೈ ಕಡೆಯ ರಾತ್ರಿ ರೈಲು ಹಿಡಿದರು. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಬೆಳಿಗ್ಗೆ ಇಳಿದು ಎರಡು ಬಸ್ಸು ಬದಲಿಸಿ ಕಾಲೇಜು ಮುಟ್ಟಿದರು. ಚಹಾ ಅಂಗಡಿಯಲ್ಲಿ ನೋಡಿದರೆ ಅರ್ಧಕ್ಕರ್ಧ ಮಕ್ಕಳು ತೆಲುಗು ಮಾತಾಡುತ್ತಿದ್ದಾರೆ! ಸಿಂಧನೂರು ಕಡೆ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರಿದ್ದಾರೆ, ಇವರಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಭಾಷೆಯ ಭಯ ಅಲ್ಲೇ ಹೋಯಿತು.

ಎರಡನೇ ವರ್ಷದ ಒಬ್ಬ ಹುಡುಗಿ ಸಿಕ್ಕಳು. ಇವರು ಪುಸ್ತಕ ತೆಗೆದು ಪ್ರಯೋಗಾಲಯದ ಫೋಟೋ ತೋರಿಸಿದರು. ಅವಳು ತಾನೇ ಕರೆದುಕೊಂಡು ಹೋಗಿ ಆ ಕೋಣೆ ತೋರಿಸಿದಳು. ಬಾಗಿಲಿಗೆ ಬೀಗ. ಬೀಗ ಹಳೆಯದಲ್ಲ, ಆದರೆ ಅದರ ಮೇಲೆ ಬೆರಳಲ್ಲಿ ಗೀರಿದರೆ ಗೆರೆ ಮೂಡುವಷ್ಟು ಧೂಳು. "ತಪಾಸಣೆಗೆ ಬಂದಾಗ ತೆಗೀತಾರೆ ಅಂಕಲ್" ಅಂದಳಂತೆ. ತಂಗಿಯ ಪ್ರಶ್ನೆ ಕೇಳಿದ್ದಕ್ಕೆ, "ಇಲ್ಲ, ನಮ್ಮೂರ ಹತ್ತಿರವೇ ಸೇರಿಸ್ತೀನಿ" ಅಂದಳು.

ಹಾಸ್ಟೆಲ್ ಕಾಲೇಜಿನ ಒಳಗೇ ಇದೆ ಅಂತ ಏಜೆಂಟ್ ಹೇಳಿದ್ದ. ಇದ್ದದ್ದು ಹೈವೇ ದಾಟಿ, ಬಾಡಿಗೆ ಕಟ್ಟಡದಲ್ಲಿ. ಸಂಜೆ ಏಳಕ್ಕೆ ಹೆಣ್ಣುಮಕ್ಕಳು ಲಾರಿಗಳ ಮಧ್ಯೆ ರಸ್ತೆ ದಾಟುವುದನ್ನು ಅಪ್ಪ ನಿಂತು ನೋಡಿದರು. ರಾತ್ರಿ ಹತ್ತಿರದ ಲಾಡ್ಜಿನಲ್ಲಿ ಉಳಿದರು. ಬೆಳಿಗ್ಗೆ ಆರಕ್ಕೆ ಮಗಳು ಹೋಗಿ ನೋಡಿದರೆ ಹಾಸ್ಟೆಲ್ ಮುಂದೆ ನೀರಿನ ಟ್ಯಾಂಕರ್, ಬಕೆಟ್ ಹಿಡಿದು ನಿಂತ ಹುಡುಗಿಯರ ಸಾಲು. ಕೇಳಿ, ಇದು ಹಗಲಲ್ಲಿ ಹೋಗಿ ಹಗಲಲ್ಲೇ ಬಂದವರಿಗೆ ಕಾಣುವುದಿಲ್ಲ. ಅದಕ್ಕೇ ಒಂದು ರಾತ್ರಿ ಉಳಿಯಿರಿ ಅನ್ನುವುದು.

ಆಮೇಲೆ ಆ ಅಪ್ಪ ಒಂದು ಕೆಲಸ ಮಾಡಿದರು. ನಾನು ಹೇಳಿರಲಿಲ್ಲ, ಅವರಿಗೇ ಹೊಳೆದದ್ದು. ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತು, ಕಟ್ಟಬೇಕಾದ ಬಾಕಿ ಹಣದ ಪಟ್ಟಿಯನ್ನು ಪೂರ್ತಿ ಬರೆದುಕೊಂಡರು. ಭತ್ತದ ಚೀಲದ ಲೆಕ್ಕ ಬರೆಯುವ ಅದೇ ಪಾಕೆಟ್ ಡೈರಿಯಲ್ಲಿ. ಪರೀಕ್ಷೆ ಫೀಸು ಬೇರೆ, ಬಸ್ಸಿನ ಫೀಸು ಬೇರೆ, ಪ್ಲೇಸ್‌ಮೆಂಟ್ ತರಬೇತಿಗೆ ಬೇರೆ, ಡಿಪಾಸಿಟ್ ಬೇರೆ. ಕೂಡಿ ನೋಡಿದರೆ ಏಜೆಂಟ್ ಹೇಳಿದ್ದಕ್ಕಿಂತ ವರ್ಷಕ್ಕೆ 40 ಸಾವಿರ ಜಾಸ್ತಿ. ಆ ಡೈರಿಯ ಹಾಳೆ ನನಗೆ ತೋರಿಸಿದರು. ಕೆಳಗೆ ಎರಡು ಗೆರೆ ಎಳೆದು ಮೊತ್ತ ಬರೆದಿದ್ದರು.

ವಾಪಸ್ ಬರುವಾಗ ಗುಂತಕಲ್ ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. ಇಬ್ಬರಿಗೂ ಚಹಾ ತಂದು, ಮಗಳನ್ನು ಕೇಳಿದರಂತೆ, "ಇಂಜಿನಿಯರಿಂಗ್ ನಿನಗ ಬೇಕಾಗಿ ಹೊಂಟಿಯೇನವಾ, ನಾ ಹೇಳೀನಿ ಅಂತ ಹೊಂಟಿಯೇನು?" ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಹೇಳಿದಿ ಅಂತ, ಅಪ್ಪಾ. ನನಗ ಕೆಮಿಸ್ಟ್ರಿ ಓದಬೇಕಂತ ಐತಿ" ಅಂದಳು. ಎರಡು ವರ್ಷ ಒಂದೇ ಮನೆಯಲ್ಲಿ ಇದ್ದು ಆಡದ ಮಾತು ರೈಲಿನಲ್ಲಿ ಬಂತು. ನನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ ಹುಡುಗಿ, ನನಗೂ ಹೇಳಿರಲಿಲ್ಲ.

ಅವಳು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆಂದು ಸಿಯುಇಟಿ ಪರೀಕ್ಷೆಯನ್ನೂ ಬರೆದಿದ್ದಳು. 2022ರಿಂದ ಈ ವಿಶ್ವವಿದ್ಯಾಲಯಗಳ ಪದವಿ ಕೋರ್ಸುಗಳಿಗೆ ಪ್ರವೇಶ ಈ ಒಂದು ಪರೀಕ್ಷೆಯ ಮೇಲೆ. ಹಳ್ಳಿ ಕಡೆಯ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ, ಅದು ನನಗೆ ಬಹಳ ಬೇಸರದ ಸಂಗತಿ. ಅಂಕ ಚೆನ್ನಾಗಿ ಬಂತು. ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಎಂ.ಎಸ್ಸಿ. ಇದೆ, ಪಿಯುಸಿ ಆದ ಮೇಲೆ ನೇರವಾಗಿ ಸೇರಬಹುದು. 1974ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಈ ಸಲ ನಾನು ಹೇಳುವ ಮುಂಚೆಯೇ ಇಬ್ಬರೂ ಹೊರಟಿದ್ದರು. ಶಕ್ತಿನಗರ ದಾಟಿ, ಕೃಷ್ಣಾ ಸೇತುವೆ ದಾಟಿ, ಮೆಹಬೂಬ್‌ನಗರದ ಮೇಲೆ ಬಸ್ಸು. ಪರಿಚಯದವರ ಮನೆಯಲ್ಲಿ ಒಂದು ರಾತ್ರಿ. ಕ್ಯಾಂಪಸ್ ತುಂಬ ದೊಡ್ಡ ದೊಡ್ಡ ಬಂಡೆಗಳು. "ನಮ್ಮ ಕಡೆ ಗುಡ್ಡ ಇದ್ದಂಗ ಐತಿ ಸರ" ಅಂತ ಅಪ್ಪ ಫೋನಿನಲ್ಲಿ ಹೇಳಿದರು. ರಾತ್ರಿ ಊಟ ಆದ ಮೇಲೂ ಲೈಬ್ರರಿಯಲ್ಲಿ ಮಕ್ಕಳು ಓದುತ್ತಾ ಕೂತಿದ್ದರಂತೆ. ಅದನ್ನು ಎರಡು ಸಲ ಹೇಳಿದರು. ಮಗಳು ಅಲ್ಲೇ ಸೇರಿದಳು.

ನೋಡಿ, ಅವಳು ಹೋದದ್ದು ಬೇರೆ ರಾಜ್ಯಕ್ಕೇ. ನಾನು ಹೊರಗೆ ಕಳಿಸಬೇಡಿ ಅನ್ನುತ್ತಿಲ್ಲ. ನೋಡದೆ ಕಳಿಸಬೇಡಿ ಅನ್ನುತ್ತಿದ್ದೇನೆ.

ನನಗೆ ಕೊಟ್ಟ ಸಮಯದಲ್ಲಿ ಜಾಸ್ತಿ ಉಳಿದಿಲ್ಲ. ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ.

ಗಡಿ ದಾಟಿದರೆ ನಮ್ಮ ಕೆಲವು ಹಕ್ಕುಗಳು ಇಲ್ಲೇ ಉಳಿಯುತ್ತವೆ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಟ್ಟುಕೊಂಡು ಬೇರೆ ರಾಜ್ಯದ ರಾಜ್ಯ ಕೋಟಾದಲ್ಲಿ ಮೀಸಲಾತಿ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರ ನಡೆಯುತ್ತದೆ, ಅದನ್ನು ತಹಶೀಲ್ದಾರ್ ಕಚೇರಿಯಲ್ಲಿ ಈಗಲೇ ಮಾಡಿಸಿ. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದ ಕೋಟಾ, ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿಯಲ್ಲಿ ಸಿಗುವ ಮೀಸಲಾತಿ, ಇವೆಲ್ಲ ಇಲ್ಲಿನ ಸೀಟಿಗೆ ಮಾತ್ರ. ಹೆಣ್ಣುಮಕ್ಕಳ ಶಕ್ತಿ ಯೋಜನೆಯ ಉಚಿತ ಬಸ್ಸು ಕೂಡ ರಾಜ್ಯದೊಳಗೇ. ಊರಿಗೆ ಬಂದು ಹೋಗುವ ಖರ್ಚು ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಎನ್‌ಐಟಿ ಅಂದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜುಗಳು, ಅವುಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಅಂದರೆ ಸುರತ್ಕಲ್‌ನಲ್ಲಿ ನಮ್ಮ ಮಕ್ಕಳಿಗೆ ಅನುಕೂಲ, ವಾರಂಗಲ್‌ನಲ್ಲಿ ಅವರ ಮಕ್ಕಳಿಗೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಅಖಿಲ ಭಾರತ ಕೋಟಾ 15 ಪರ್ಸೆಂಟ್, ಉಳಿದ 85 ಆಯಾ ರಾಜ್ಯದ್ದು. ಹೀಗಿರುವಾಗ ಇಲ್ಲಿನ ಸೀಟು ಕೈಬಿಡುವ ಮುಂಚೆ ಎರಡು ಸಲ ಯೋಚಿಸಿ.

ಹತ್ತನೇ ತರಗತಿಯಲ್ಲೇ ಮಗುವನ್ನು ಕೋಚಿಂಗ್‌ಗೆ ಅಂತ ಹೊರ ರಾಜ್ಯಕ್ಕೆ ಕಳಿಸಲು ಹೊರಟವರೂ ಕೇಳಿ. ನಮ್ಮ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲೇ ಪಾಸು ಮಾಡಿರಬೇಕು. ಈ ಲೆಕ್ಕ ತಪ್ಪಿ ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ. ಪ್ರತಿ ತರಗತಿಯ ವ್ಯಾಸಂಗ ಪ್ರಮಾಣಪತ್ರ ಜೋಪಾನ ಮಾಡಿ.

ಇನ್ನೊಂದು. ಸೇರುವಾಗ ಮೂಲ ಅಂಕಪಟ್ಟಿ ತೋರಿಸಿ, ಕೈಯಲ್ಲೇ ವಾಪಸ್ ತನ್ನಿ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ ಅಂತ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ 2018ರಲ್ಲೇ ಹೇಳಿದೆ. ವಲಸೆ ಪ್ರಮಾಣಪತ್ರ, ಅಂದರೆ ಮೈಗ್ರೇಶನ್ ಸರ್ಟಿಫಿಕೇಟ್ ಕೇಳುತ್ತಾರೆ, ಅದನ್ನು ಮೊದಲೇ ತೆಗೆಸಿಕೊಳ್ಳಿ. ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಕೈಗಡ ತಂದು, ಬಡ್ಡಿಗೆ ತಂದು ಏಜೆಂಟಿನ ಕೈಗೆ ಕೊಡಬೇಡಿ, ದಯವಿಟ್ಟು.

ಮಕ್ಕಳೇ, ನಿಮಗೊಂದು ನಂಬರು. ಎಲ್ಲಿಗೇ ಸೇರಿ, ಸೀನಿಯರ್‌ಗಳು ರ‍್ಯಾಗಿಂಗ್ ಮಾಡಿದರೆ ಸಹಿಸಿಕೊಂಡು ಕೂರಬೇಡಿ. ರ‍್ಯಾಗಿಂಗ್ ತಡೆ ಸಹಾಯವಾಣಿಗೆ ಫೋನ್ ಮಾಡಿ, ಉಚಿತ. 1800 180 5522. ಇನ್ನೊಂದು ಸಲ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ. ಒಂದು, ಎಂಟು, ಸೊನ್ನೆ, ಸೊನ್ನೆ. ಒಂದು, ಎಂಟು, ಸೊನ್ನೆ. ಐದು, ಐದು, ಎರಡು, ಎರಡು.

ಕಾಲೇಜು ನೋಡಲು ಹೋಗುವವರು ಭಾನುವಾರ ಹೋಗಬೇಡಿ, ಗೇಟು ಹಾಕಿರುತ್ತಾರೆ. ನಮಸ್ಕಾರ.