ಯಾರೂ ಗೆಲ್ಲುವ ಮುಂಚೆ ಮೊಳಗುವ ಕಹಳೆ

ಕೇಳುಗರೆ, ನಮಸ್ಕಾರ.

ಟಿ.ವಿ.ಯಲ್ಲಿ ದೊಡ್ಡ ಕ್ರೀಡಾಕೂಟ ಶುರುವಾಗುವಾಗ ಒಂದು ಸಂಗೀತ ಬರುತ್ತದಲ್ಲ, ಮೊದಲು ನಗಾರಿ ಗುಡುಗಿ, ಅದರ ಬೆನ್ನಿಗೇ ಟ್ರಂಪೆಟ್ಟುಗಳೆಲ್ಲ ಒಟ್ಟಿಗೆ ಮೊಳಗುವಂಥದ್ದು? ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಹೊರಗೆ ಬರುತ್ತಾರೆ. ನನಗೆ ಅದರಲ್ಲಿ ಕಾಣುವ ತಮಾಷೆ ಏನೆಂದರೆ, ಅದು ಗೆಲುವಿನ ಸಂಗೀತ. ಆದರೆ ಇನ್ನೂ ಯಾರೂ ಗೆದ್ದಿಲ್ಲ. ಓಟಗಾರರು ಷೂ ಲೇಸನ್ನೂ ಬಿಗಿದಿರುವುದಿಲ್ಲ.

ಅಮೆರಿಕದಲ್ಲಿ ಒಲಿಂಪಿಕ್ಸ್ ಎಂದರೆ ಜನರ ಕಿವಿಗೆ ಬರುವುದು ‘ಬ್ಯೂಗ್ಲರ್ಸ್ ಡ್ರೀಮ್’, ಅಂದರೆ ಕಹಳೆ ಊದುವವನ ಕನಸು. ಬರೆದವರು ಲಿಯೋ ಅರ್ನೋ. ಫ್ರಾನ್ಸಿನಲ್ಲಿ ಹುಟ್ಟಿ, ಹಾಲಿವುಡ್ಡಿಗೆ ಬಂದು ಸಿನಿಮಾ ಸಂಗೀತದಲ್ಲಿ ದುಡಿದವರು. 1958ರಲ್ಲಿ ಫೆಲಿಕ್ಸ್ ಸ್ಲ್ಯಾಟ್‌ಕಿನ್ ಎಂಬ ವಾದ್ಯವೃಂದ ನಿರ್ದೇಶಕರ ಒಂದು ಗ್ರಾಮಫೋನ್ ತಟ್ಟೆಗಾಗಿ ಇದನ್ನು ಬರೆದುಕೊಟ್ಟರು. ಆಟಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. 1960ರ ದಶಕದಲ್ಲಿ ಎಬಿಸಿ ವಾಹಿನಿ ಅದನ್ನು ತನ್ನ ಒಲಿಂಪಿಕ್ಸ್ ಪ್ರಸಾರಕ್ಕೆ ಎತ್ತಿಕೊಂಡಿತು, ಅಷ್ಟೆ. ಮುಂದೆ ಅಲ್ಲಿನ ಇನ್ನೊಂದು ವಾಹಿನಿ ಎನ್‌ಬಿಸಿಯೂ ಅದನ್ನೇ ಹಿಡಿಯಿತು.

ಕಹಳೆಯೇ ಏಕೆ? ಪಿಟೀಲು ಯಾಕಲ್ಲ? ಸೇನೆಯ ಬ್ಯೂಗಲ್ ನೋಡಿ. ಒಂದು ಸುರುಳಿ ಕೊಳವೆ. ಸ್ವರ ಬದಲಿಸಲು ಒತ್ತುವ ಗುಂಡಿ, ಅಂದರೆ ವಾಲ್ವ್, ಇಲ್ಲ, ಮುಚ್ಚಲು ರಂಧ್ರ ಇಲ್ಲ. ತುಟಿ ಬಿಗಿದರೆ ಒಂದು ಸ್ವರ, ಸಡಿಲಿಸಿದರೆ ಇನ್ನೊಂದು. ನಮ್ಮ ಲೆಕ್ಕದಲ್ಲಿ ಸ, ಗ, ಪ, ಹೆಚ್ಚುಕಡಿಮೆ ಅಷ್ಟೇ ಅದರ ಆಸ್ತಿ. ನಮ್ಮ ಜಾತ್ರೆಯ ಕೊಂಬಿನದೂ ಇದೇ ಬಡತನ. ಜಾರಿಕೊಂಡು ಹೋಗಲು ದಾರಿಯಿಲ್ಲ, ಸ್ವರದಿಂದ ಸ್ವರಕ್ಕೆ ಜಿಗಿಯಲೇಬೇಕು. ಗುಂಡಿನ ಸದ್ದು, ಕುದುರೆಯ ಕೆನೆತ, ಇವನ್ನೆಲ್ಲ ದಾಟಿ ಸಿಪಾಯಿಯ ಕಿವಿ ಮುಟ್ಟಬೇಕಾಗಿದ್ದ ವಾದ್ಯ ಅದು. 19ನೇ ಶತಮಾನದಲ್ಲಿ ಟ್ರಂಪೆಟ್ಟಿಗೆ ವಾಲ್ವ್ ಬಂತು, ಎಲ್ಲ ಸ್ವರಗಳೂ ದಕ್ಕಿದವು. ಆದರೂ ವೀರರಸ ಬೇಕೆಂದಾಗ ಸಂಯೋಜಕರು ಆ ಹಳೆಯ ಜಿಗಿತಕ್ಕೇ ಮರಳುತ್ತಾರೆ.

ಹಾಗೆ ಹೇಳಿದರೂ, ನನ್ನ ಮಟ್ಟಿಗೆ ಅರ್ಧ ಕೆಲಸ ಮುಗಿಸುವುದು ಮೊದಲು ಬರುವ ಆ ನಗಾರಿಯೇ. ಮೆರವಣಿಗೆ ಕಣ್ಣಿಗೆ ಬೀಳುವ ಮುಂಚೆ ಎದೆಗೆ ಬಡಿಯಬೇಕು ತಾನೆ?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಹಾಲಿವುಡ್ಡಿನ ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್ ಇಂಥದೇ ಹೊಸ ಸಂಗೀತವೊಂದನ್ನು ರಚಿಸಿದರು. ಮುಂದೆ 1996ರ ಅಟ್ಲಾಂಟಾ ಕೂಟದ ಹೊತ್ತಿಗೆ ಅವರೇ ಅರ್ನೋ ಅವರ ಕಹಳೆಯನ್ನು ಮುಂದಿಟ್ಟು, ತಮ್ಮದನ್ನು ಹಿಂದೆ ಜೋಡಿಸಿ ಧ್ವನಿಮುದ್ರಿಸಿದರು. ಹೊಲಿಗೆ ಎಷ್ಟು ಸಲೀಸಾಗಿದೆಯೆಂದರೆ ಎರಡೂ ವಿಲಿಯಮ್ಸ್ ಅವರದೇ ಎಂದುಕೊಂಡವರಿಗೆ ಲೆಕ್ಕವಿಲ್ಲ. ಪಾಪ, ಅರ್ನೋ 1991ರಲ್ಲೇ ತೀರಿಕೊಂಡಿದ್ದರು.

ಯುರೋಪಿನ ಫುಟ್‌ಬಾಲಿಗೆ ಹೋದರೆ ಕಹಳೆಯ ಜಾಗದಲ್ಲಿ ಮೇಳಗಾನ. ಅಲ್ಲಿನ ಕ್ಲಬ್ಬುಗಳ ದೊಡ್ಡ ಪಂದ್ಯಾವಳಿ ಚಾಂಪಿಯನ್ಸ್ ಲೀಗಿನ ಗೀತೆಯನ್ನು 1992ರಲ್ಲಿ ಸಂಯೋಜಕ ಟೋನಿ ಬ್ರಿಟನ್ ಸಿದ್ಧಪಡಿಸಿದರು. ಮೂಲ ಎಲ್ಲಿಯದು ಅಂತೀರಿ? 1727ರಲ್ಲಿ ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆ ಸಂಗೀತ ಸಂಯೋಜಕ ಹ್ಯಾಂಡಲ್ ರಚಿಸಿದ್ದ ಗೀತೆ. ದೊರೆಗೆ ಕಿರೀಟ ಇಡಲು ಹುಟ್ಟಿದ ನಾದಕ್ಕೆ ಈಗ ಚಡ್ಡಿ ತೊಟ್ಟ ಇಪ್ಪತ್ತೆರಡು ಆಟಗಾರರು ಸಾಲಾಗಿ ನಿಲ್ಲುತ್ತಾರೆ. ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರೂ ಕಲಸಿದ ಸಾಹಿತ್ಯ ಅದು. ಅರ್ಥ ಕೇಳುವ ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗಿದೆ!

ಬಾನುಲಿಯ ವೀಕ್ಷಕ ವಿವರಣೆಗೆ ಇಂಥ ದರ್ಬಾರು ಬೇಕಾಗಲೇ ಇಲ್ಲ. ಜನರ ಗದ್ದಲ ಹಿಂದೆ ಕೇಳಿಸುತ್ತಿದ್ದರೆ ಸಾಕು, ಮೈದಾನ ಕಣ್ಣ ಮುಂದೆ. ಟಿ.ವಿ.ಗೆ ಚಿತ್ರವಿದ್ದೂ ನಗಾರಿ ಬೇಕಾಯಿತು ನೋಡಿ.

ನಮಸ್ಕಾರ.